ಸೊಕ್ಕೆಯ ಮೇಲೆ ಹೋಗುವ ದಾರಿ

ಹೊನ್ನಾಳಿ
9 ನವೆಂಬರ್ 2025, ಭಾನುವಾರ

ಬೆಳಗಿನ ನಡಿಗೆ ಮುಗಿಸಿ, ಕಾಫಿ ಕುಡಿದು ಬರೆಯಲು ಕೂತಿದ್ದೇನೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಸೊಂಟ ಇವತ್ತು ನೋಯುತ್ತಿಲ್ಲ.

ಪ್ರೀತಿಯ ಶಂಕ್ರಮ್ಮ ಅತ್ತಿಗೆಗೆ,

ಪುಷ್ಪ ಮಾಡುವ ನಮಸ್ಕಾರ. ಫೋನ್ ಇರುವಾಗ ಇವಳೇಕೆ ಕಾಗದ ಬರೆದಳೆಂದು ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಾದರೆ ನೀವು ಸ್ಪೀಕರ್ ಹಾಕುತ್ತೀರಿ, ಅಣ್ಣ ಪಕ್ಕದಲ್ಲಿ ಕೂತು ನಮ್ಮಿಬ್ಬರ ಮಾತನ್ನೂ ತಾನೇ ಆಡಿ ಮುಗಿಸುತ್ತಾನೆ. ಈ ವಿಷಯ ನಿಮಗೊಬ್ಬರಿಗೇ. ನೀವು ಅಕ್ಷರ ಕೂಡಿಸಿ ಓದುತ್ತೀರೆಂದು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ನಿಮ್ಮ ಮಗರಾಯ ಶರಣುವಿನ ಕೈಗೆ ಓದಲು ಕೊಡಬೇಡಿ. ಅವನ ಹೆಸರೂ ಇದರಲ್ಲಿ ಬರುತ್ತದೆ.

ಮೊದಲು ಎರಡು ವರ್ಷದ ಹಿಂದಿನದನ್ನು ಹೇಳಬೇಕು. ಆಗಸ್ಟಿನಲ್ಲಿ ಹೊಳೆಯ ಮೆಟ್ಟಿಲ ಮೇಲೆ ಜಾರಿ ನನ್ನ ಸೊಂಟದ ಮೂಳೆ ಮುರಿದಾಗ, ನೀವು ಶೇಂಗಾ ಕೀಳುವ ಕೆಲಸವನ್ನು ಅಣ್ಣನ ತಲೆಗೆ ಕಟ್ಟಿ ಸೊಕ್ಕೆಯಿಂದ ಬಂದಿರಿ. ದಾವಣಗೆರೆಯಲ್ಲಿ ಆಪರೇಷನ್ ಆದ ಮೇಲೆ ಇಲ್ಲಿ ನಾಲ್ಕು ತಿಂಗಳು ಉಳಿದಿರಿ. ಮಂಚದಿಂದ ಬಾಗಿಲು, ಬಾಗಿಲಿಂದ ನಲ್ಲಿ, ನಲ್ಲಿಯಿಂದ ಬೀದಿಯ ಲೈಟುಕಂಬ. ನನ್ನ ತೋಳು ಹಿಡಿದು ಹೆಜ್ಜೆಗಳನ್ನು ಜೋರಾಗಿ ಎಣಿಸುತ್ತಿದ್ದಿರಿ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಆದ ಮೇಲೆ ಮತ್ತೆ ಇಪ್ಪತ್ತೊಂದು ಬರುತ್ತಿತ್ತು. ನನಗೆ ಗೊತ್ತಾಗುವುದಿಲ್ಲವೆಂದು ತಿಳಿದಿದ್ದಿರಿ. ಮೂವತ್ತು ವರ್ಷ ಲೈಬ್ರರಿಯಲ್ಲಿ ಪುಸ್ತಕ ಎಣಿಸಿದವಳು ನಾನು. ಮನಸ್ಸಿನಲ್ಲೇ ಬೇರೆ ಎಣಿಕೆ ಇಟ್ಟಿದ್ದೆ. ನೀವು ಐವತ್ತು ಎಂದ ದಿನ ನಾನು ಎಪ್ಪತ್ತಾರು ಹೆಜ್ಜೆ ನಡೆದಿದ್ದೆ. ಹೇಳಲಿಲ್ಲ. ಹೇಳಿದ್ದರೆ ನೀವು ಸರಿಯಾಗಿ ಎಣಿಸುತ್ತಿದ್ದಿರಿ, ನಾನು ಐವತ್ತಕ್ಕೇ ನಿಲ್ಲುತ್ತಿದ್ದೆ.

ನಾನು ಹಲ್ಲು ಕಚ್ಚಿಕೊಂಡು ಅನುವಾದದ ಕಾದಂಬರಿ ಹಿಡಿದು ಕೂತಿದ್ದರೆ ನೀವು ಅನ್ನುತ್ತಿದ್ದಿರಿ: "ಬ್ಯಾರೆ ದೇಶದೋರ ಕಷ್ಟ ಓದಿ ಕಣ್ಣೀರು ಹಾಕ್ತೀಯ, ನಿನ್ ಸೊಂಟಕ್ಕೆ ಅಳಾಕೆ ಮಾತ್ರ ನಿಂಗೆ ನಾಚಿಕೆ. ಅಳವ್ವ, ಇಲ್ಲಿ ಯಾರದಾರೆ ನೋಡಾಕೆ?" ನಾನು ಅಳಲಿಲ್ಲ. ನಿಮ್ಮಿಂದ ಉಪಕಾರವಾಯಿತೆಂದೂ ಹೇಳಲಿಲ್ಲ. ನೀವು ಬಸ್ಸು ಹತ್ತುವಾಗ ಒಂದು ಸೀರೆ ಕೊಟ್ಟೆ, ಅಷ್ಟೆ. ಇವತ್ತು ಹೇಳುತ್ತಿದ್ದೇನೆ. ನಾನು ನಡೆಯುತ್ತಿರುವುದು ನಿಮ್ಮಿಂದ.

ಈಗ ನಡಿಗೆಯ ವಿಷಯ. ನಿವೃತ್ತ ಡ್ರಿಲ್ ಮೇಷ್ಟ್ರು ರಂಗನಾಥ್ ಅವರ ಜೊತೆ ನಾವು ಏಳು ಜನ ಬೆಳಿಗ್ಗೆ ಸೇತುವೆ ದಾಟಿ ಹೋಗಿಬರುವುದು ನಿಮಗೆ ಗೊತ್ತು. ಬರುವ ಜನವರಿಯಲ್ಲಿ ಎಲ್ಲರೂ ಸೇರಿ ಉದ್ದದ ದಾರಿಯೊಂದನ್ನು ನಡೆಯಬೇಕೆಂದು ಅವರ ಆಸೆ. ಮೂರು ದಾರಿ ಮುಂದಿಟ್ಟರು: ಹಿಮಾಲಯದ ಕಣಿವೆಯೊಂದರಲ್ಲಿ ಹನ್ನೊಂದು ದಿನ, ಘಟ್ಟದ ಕಾಡಿನಲ್ಲಿ ಆರು ದಿನ, ಉತ್ತರ ಕನ್ನಡದ ಕಡಲ ದಂಡೆ ಹಿಡಿದು ಐದು ದಿನ. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ದಿನಕ್ಕೆ ಎಷ್ಟು ದೂರ, ಏರು ಎಷ್ಟು, ನೀರು ಎಲ್ಲಿ ಸಿಗುತ್ತದೆ, ಹೆಂಗಸರಿಗೆ ಶೌಚದ ಜಾಗ ಇದೆಯೇ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದೆ. ಹಿಮಾಲಯದ ಚಳಿ ನನ್ನ ಸೊಂಟದಲ್ಲಿರುವ ಕಬ್ಬಿಣಕ್ಕೆ ಆಗುವುದಿಲ್ಲ. ಘಟ್ಟದಲ್ಲಿ ಹತ್ತಿಬಿಡಬಹುದು, ಇಳಿಯುವುದು ಕಷ್ಟ. ಕಡಲ ದಾರಿ ಸಮತಟ್ಟು. ಅದನ್ನೇ ಆರಿಸಿ ಎಲ್ಲರಿಗಿಂತ ಮೊದಲು ನನ್ನ ಹೆಸರು ಬರೆಸಿದೆ. ಅರವತ್ತು ವರ್ಷದಲ್ಲಿ ನಾನು ಕಡಲು ನೋಡಿರುವುದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ.

ಇಷ್ಟರಲ್ಲಿ ದೀಪಾವಳಿಗೆ ನಿಮ್ಮಲ್ಲಿಗೆ ಬಂದೆ. ಅಮಾವಾಸ್ಯೆಯ ದಿನ ನೀವು ಹೋಳಿಗೆಗೆ ಹೂರಣ ರುಬ್ಬುತ್ತಿದ್ದಿರಿ. ದೇವರ ಗೂಡು ಒರೆಸುತ್ತೇನೆಂದು ನಾನು ಹೋದೆ. ಗೂಡಿನ ಹಿಂದೆ ಅರಿಶಿನದ ಬಟ್ಟೆಯ ಚಿಕ್ಕ ಗಂಟೊಂದು ಇತ್ತು. ನೀವು ವಿಭೂತಿ ಉಂಡೆಗಳನ್ನು ಹಾಗೆಯೇ ಕಟ್ಟಿಡುತ್ತೀರಲ್ಲ, ಅದೇ ಇರಬೇಕು, ಬಟ್ಟಲಿಗೆ ತುಂಬೋಣವೆಂದು ಬಿಚ್ಚಿದೆ. ಒಳಗೆ ಒಂದು ರೂಪಾಯಿ ನಾಣ್ಯ, ಅದರ ಸುತ್ತ ಆಸ್ಪತ್ರೆಯವರು ನನ್ನ ಕೈಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿ. ಪುಷ್ಪಾವತಿ, 58, ಹೆಣ್ಣು. ಅದು ಹರಕೆಯ ಮುಡಿಪು. ಹಾಗೆಯೇ ಕಟ್ಟಿಟ್ಟು ಬಂದು ನಿಮ್ಮ ಎದುರೇ ಎರಡು ಹೋಳಿಗೆ ತಿಂದೆ.

ಮಾರನೆಯ ದಿನ ಜಗಳೂರು ಬಸ್ಸಿಗೆ ಕಾಯುವಾಗ ಶರಣುವನ್ನು ಕೇಳಿದೆ. ಅವನನ್ನು ಬೈಯಬೇಡಿ, ನಾನು ಬಿಡಲಿಲ್ಲ. "ಅತ್ತೆ, ನಾನು ಹೇಳ್ದೆ ಅಂತ ಅವ್ವಂಗೆ ಗೊತ್ತಾದ್ರೆ ನನ್ನ ಮನೇಲಿ ಇಟ್ಕಳಲ್ಲ," ಎಂದು ಶುರುಮಾಡಿ ಎಲ್ಲ ಹೇಳಿದ. ಆಪರೇಷನ್ ದಿನ ನೀವು ಹರಕೆ ಹೊತ್ತಿದ್ದು. ನಾನು ನನ್ನ ಕಾಲ ಮೇಲೆ ನಿಂತರೆ ನನ್ನ ಮನೆಯ ಹೊಸಿಲಿಂದಲೇ ಹೊರಟು ಕೊಟ್ಟೂರೇಶನ ಗುಡಿಯವರೆಗೆ ನೀವೇ ನಡೆಯುವುದಾಗಿ ಬೇಡಿಕೊಂಡಿದ್ದು.

ಆಗ ನನಗೆ ಕಳೆದ ಫೆಬ್ರವರಿ ನೆನಪಾಯಿತು. "ಸುಮ್ನೆ ನೋಡಾಕೆ ಬಂದೆ" ಎಂದು ಬಂದು ಒಂದು ದಿನ ಇದ್ದಿರಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದರೆ ಒಪ್ಪಲಿಲ್ಲ. ಬರಿಗಾಲಲ್ಲಿ ಹೊರಟಿರಿ, ಚಪ್ಪಲಿ ಕಿತ್ತಿದೆ ಎಂದಿರಿ. ಚಪ್ಪಲಿ ನಿಮ್ಮ ಚೀಲದ ಬಾಯಲ್ಲೇ ಕಾಣುತ್ತಿತ್ತು, ಗಟ್ಟಿಯಾಗಿಯೇ ಇತ್ತು. ನೋಡಿದೆ, ಕೇಳಲಿಲ್ಲ. ಕೇಳದೇ ಇರುವುದು ನನ್ನ ಸ್ವಭಾವ. ಅವತ್ತು ಅದರ ಫಲ ಉಂಡದ್ದು ನಿಮ್ಮ ಮಂಡಿ. ಮಲೇಬೆನ್ನೂರು ಇನ್ನೂ ದೂರವಿರುವಾಗಲೇ ರಸ್ತೆ ಪಕ್ಕ ಕೂತುಬಿಟ್ಟಿರಂತೆ. ಶರಣು ಬಂದು ಕರೆದುಕೊಂಡು ಹೋದನಂತೆ. ಅಣ್ಣನಿಗೆ ದನದ ಕೊಟ್ಟಿಗೆಯಲ್ಲಿ ಜಾರಿದೆ ಎಂದಿರಂತೆ. ಶರಣು ಬೈಕಿನಲ್ಲಿ ಗುಡಿಗೆ ಕರೆದೊಯ್ಯುತ್ತೇನೆಂದರೆ, "ಗಾಡಿ ಮೇಲೆ ಹೋಗಾಕೆ ಹರಕೆ ಯಾಕೆ ಬೇಕಿತ್ತೋ, ಹೊಟ್ಟೆಗೆ ಅನ್ನ ತಿಂತೀಯೋ ಇಲ್ವೋ" ಅಂದಿರಂತೆ.

ಡಾಕ್ಟರು ನಿಮ್ಮ ಮಂಡಿಗೆ ಇನ್ನೊಂದು ಸಲ ಹೀಗಾದರೆ ನಡೆಯುವುದೇ ನಿಲ್ಲುತ್ತದೆ ಎಂದಿದ್ದಾರೆ. ಆದರೂ ಬರುವ ಮಾಘದಲ್ಲಿ ಮತ್ತೆ ಹೊರಡುತ್ತೀರೆಂದು, ಬೆಳಗಾಗೆದ್ದು ಹುಣಸೆಮರದ ಸುತ್ತ ಗುಟ್ಟಾಗಿ ನಡೆದು ಅಭ್ಯಾಸ ಮಾಡುತ್ತಿದ್ದೀರೆಂದು ಶರಣು ಹೇಳಿದ. ಅತ್ತಿಗೆ, ಹೊರಡಬೇಡಿ. ಈ ಕಾಗದ ಬರೆದಿರುವುದು ಇದೊಂದನ್ನು ಬೇಡಿಕೊಳ್ಳಲು.

ಹರಕೆ ಬಿಡಿ ಎಂದು ನಾನು ಹೇಳುವುದಿಲ್ಲ. ನನಗೆ ನಿಮ್ಮಷ್ಟು ಭಕ್ತಿ ಇಲ್ಲ, ಅದು ನಿಮಗೂ ಗೊತ್ತು. ಆದರೆ ಕೊಟ್ಟ ಮಾತು ಯಾರದೇ ಆಗಲಿ, ಅದನ್ನು ಒಬ್ಬರು ನಡೆಸಬೇಕು. ನಿಮ್ಮ ಪಕ್ಕದ ಮನೆ ಮೈಲಾರಿ ತನ್ನ ಅವ್ವನ ಮುಡಿಪು ಬಿಚ್ಚಿ ಕೂತಾಗ ನೀವೇ ಅಂದಿದ್ದು: "ಮುಡಿಪು ಬಿಚ್ಚಿದ ಕೈನೇ ಹರಕೆ ತೀರಿಸಬೇಕಪ್ಪ. ನಾಳೆ ನನ್ ಹತ್ರ ಬಂದು ಅಳಬ್ಯಾಡ." ಪಾಪ, ಅವನು ಗುಡಿಗೆ ನಡೆದೇ ಹೋಗಿಬಂದ. ಬಿಚ್ಚಿದವಳು ಈಗ ನಾನು. ನಿಮ್ಮ ಮಾತು ನಿಮಗೇ ತಿರುಗಿಸುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ.

ವರ್ಷಕ್ಕೆ ಒಂದೇ ಉದ್ದದ ನಡಿಗೆ, ಆಮೇಲೆ ಮೂರು ತಿಂಗಳು ವಿಶ್ರಾಂತಿ ಎಂದು ನನ್ನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಆದ್ದರಿಂದ ಕಡಲ ದಾರಿ ಈ ಸಲ ಇಲ್ಲ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಬೇಸರಪಟ್ಟೆ. ಮೂರನೆಯ ದಿನ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದೆ.

ಕೊಟ್ಟೂರಿಗೆ ಎರಡು ದಾರಿ. ಮಲೇಬೆನ್ನೂರಿನ ತನಕ ಎರಡೂ ಒಂದೇ. ಅಲ್ಲಿಂದ ಹರಿಹರ, ಹರಪನಹಳ್ಳಿ ಮೇಲೆ ಹೋದರೆ ಹತ್ತಿರ; ಜನ ಹೆಚ್ಚಾಗಿ ನಡೆಯುವುದೂ ಅದನ್ನೇ. ಇನ್ನೊಂದು ದಾವಣಗೆರೆ, ಜಗಳೂರು ದಾಟಿ ಸೊಕ್ಕೆಯ ಮೇಲೆ ಹೋಗುತ್ತದೆ. ಎರಡು ದಿನ ಹೆಚ್ಚು, ನೆರಳು ಕಡಿಮೆ. ನೀರು, ನೆರಳು, ದೂರ, ಎಲ್ಲ ಗೆರೆಗಳಲ್ಲೂ ಮೊದಲನೆಯದೇ ಗೆದ್ದಿತು. ನಾನು ಎರಡನೆಯದನ್ನು ಆರಿಸಿದ್ದೇನೆ. ಮೊದಲನೆಯದರಲ್ಲಿ ನಿಮ್ಮ ಮನೆ ಇಲ್ಲ.

ಜನವರಿ 18, ಭಾನುವಾರ ಬೆಳಿಗ್ಗೆ ನನ್ನ ಹೊಸಿಲು ದಾಟುವುದು. ದಿನಕ್ಕೆ ಹದಿನಾರು ಕಿಲೋಮೀಟರಿನಂತೆ 24ರ ಶನಿವಾರ ಸಂಜೆ ಸೊಕ್ಕೆ. ಭಾನುವಾರ ನಿಮ್ಮಲ್ಲಿ ವಿಶ್ರಾಂತಿ, ಬಿಸಿನೀರು, ನಿಮ್ಮ ಕೈಯ ರೊಟ್ಟಿ. ಸೋಮವಾರ ಬೆಳಿಗ್ಗೆ ಮುಡಿಪನ್ನು ದೇವರ ಗೂಡಿನಿಂದ ನೀವೇ ತೆಗೆದು, ನನ್ನ ಜೊತೆ ಹುಣಸೆಮರದವರೆಗೆ ನಡೆದು ಬಂದು, ಅಲ್ಲಿ ನನ್ನ ಸೆರಗಿಗೆ ಕಟ್ಟಬೇಕು. ಆ ಹೆಜ್ಜೆಗಳು ನಿಮ್ಮವು, ಉಳಿದದ್ದು ನನ್ನದು. ಎಣಿಸುವವಳು ಮಾತ್ರ ನಾನು. ನಾನು ಬೂಟು ಹಾಕಿಕೊಂಡೇ ನಡೆಯುತ್ತೇನೆ. ಆ ವಿಷಯ ಕೊಟ್ಟೂರೇಶನ ಹತ್ತಿರ ನೀವು ಮಾತಾಡಿಕೊಳ್ಳಿ.

ರಂಗನಾಥ್ ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ನಾಳೆ ಸೇತುವೆಯ ಮೇಲೆ ಹೇಳಬೇಕು. ನಡಿಗೆಯ ಬ್ಯಾಗು ಇನ್ನೂ ಗೋಡೆಯ ಮೊಳೆಯಲ್ಲೇ ನೇತಾಡುತ್ತಿದೆ, ಖಾಲಿ. ಆದರೆ ತೀರ್ಮಾನ ಮಾಡಿಯಾಗಿದೆ.

ನಿಮ್ಮ ನಾದಿನಿ,
ಪುಷ್ಪಾವತಿ

ಮರೆತ ಮಾತು: ಮುಡಿಪನ್ನು ಹಾಗೆಯೇ ಕಟ್ಟಿಟ್ಟೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ನಾಣ್ಯ ಅಲ್ಲಿದೆ, ಕೈಪಟ್ಟಿ ಇಲ್ಲಿ, ಓದುತ್ತಿರುವ ಕಾದಂಬರಿಯ ನೂರಾ ಹನ್ನೆರಡನೇ ಪುಟದಲ್ಲಿ ಗುರುತಿಗೆ ಇದೆ. ಬರುವಾಗ ತರುತ್ತೇನೆ. ಇನ್ನೊಂದು. ಆ ಬಟ್ಟೆಗೆ ನೀವು ಎರಡು ಗಂಟು ಹಾಕಿದ್ದಿರಿ. ಮೊದಲನೆಯದನ್ನು ವಿಭೂತಿ ಎಂದುಕೊಂಡೇ ಬಿಚ್ಚಿದೆ. ಅಷ್ಟಕ್ಕೇ ಬಟ್ಟೆ ಸಡಿಲವಾಗಿ ನನ್ನ ಹೆಸರಿನ ತುದಿ ಕಂಡಿತು. ಎರಡನೆಯದನ್ನು ಬಿಚ್ಚುವಾಗ ಅದು ಮುಡಿಪೆಂದು ನನಗೆ ಗೊತ್ತಿತ್ತು. ಮೈಲಾರಿಗೆ ನೀವು ಹೇಳಿದ ಮಾತೂ ನೆನಪಿತ್ತು.