ಮೈಕಿನವನು ನಿಲ್ಲಿಸಿದ ವ್ಯಾಪಾರ

ಬಟ್ಟೆ ಅಂಗಡಿಯ ಯಜಮಾನರಿಗೆ, ನಿನ್ನೆ ನೀವು ಕೆಲಸದಿಂದ ತೆಗೆದ ಮೈಕಿನವನ ಜಯಘೋಷಪೂರ್ವಕ ನಮಸ್ಕಾರ!

ವರ್ಷಾಂತ್ಯದ ರಿಯಾಯಿತಿ ಕೂಗಲು ನನ್ನನ್ನು ಕರೆಸಿದವರು ನೀವೇ. "ಒಂದು ಹೊದಿಕೆ ಕೊಂಡರೆ ಇನ್ನೊಂದು ಉಚಿತ!" ಎಂದು ಕೂಗಿದ್ದೇ ತಡ, ಆಹಾ, ಜನ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದರು! ಇಬ್ಬರು ಒಂದೇ ಹೊದಿಕೆ ಹಿಡಿದು, "ಬಿಡ್ರೀ!" "ನೀವೇ ಬಿಡ್ರೀ!" ಎಂದು ಎಳೆದಾಡುವಾಗ, ಬೆಳಗಿನಿಂದ ನಿಂತೇ ಇದ್ದ ನಮ್ಮ ಸೇಲ್ಸ್ ಅಕ್ಕ ತಲೆಸುತ್ತಿ ಕುಸಿದರು. ಒಬ್ಬ ಮಹಾನುಭಾವರು ಬಗ್ಗಿ ಅವರನ್ನೇ ಕೇಳಿದರು: "ಇದ್ರಲ್ಲಿ ನೀಲಿ ಬಣ್ಣ ಇದ್ಯಾ?"

ನನ್ನೊಳಗಿನ ಚಕ್ರವರ್ತಿ ಎದ್ದ, ಯಜಮಾನರೇ! "ನಿಲ್ಲಿ! ನಿಮಗೆ ಬಟ್ಟೆ ಬಿಡಿಸಿ ತೋರಿಸಿದ ಕೈ ಸೋತಿದೆ. ಅಕ್ಕ ಚಹಾ ಕುಡಿಯೋ ತನಕ ವ್ಯಾಪಾರ ಬಂದ್!" ಎಂದು ಗುಡುಗಿದೆ. ಇಡೀ ಅಂಗಡಿ ನೆಲದ ಮೇಲೆ ಕೂತುಬಿಟ್ಟಿತು. ಎಳೆದಾಡುತ್ತಿದ್ದವರೇ ಅಕ್ಕನಿಗೆ ಗಾಳಿ ಬೀಸಿದರು. ಸುಮ್ಮನೆ ಕೂತಾಗಲೇ ಒಬ್ಬ ತಾಯಿ ತಮ್ಮ ಬುಟ್ಟಿ ನೋಡಿಕೊಂಡು, "ಅಯ್ಯೋ, ಮನೇಲಿರೋದು ಇಬ್ಬರು, ಇಷ್ಟೊಂದು ಯಾರು ಹೊದ್ಕೋತಾರೆ?" ಎಂದು ಮುಕ್ಕಾಲು ಪಾಲು ವಾಪಸಿಟ್ಟರು. ಅವರನ್ನು ನೋಡಿ ಉಳಿದವರೂ ಇಟ್ಟರು. ನಿಮ್ಮ ಕೋಪವೆಲ್ಲ ಅದಕ್ಕೇ, ಬಲ್ಲೆ.

ಆದರೆ ಹೊರಡುವಾಗ ಒಬ್ಬೊಬ್ಬರೂ, "ಬಹಳ ಉಪಕಾರ ಆಯ್ತಮ್ಮ" ಎಂದು ಅಕ್ಕನಿಗೆ ಹೇಳಿ ಹೋದರು. ಇಷ್ಟು ವರ್ಷದಲ್ಲಿ ಆ ಮಾತು ಕೇಳಿದ್ದು ಇದೇ ಮೊದಲಂತೆ. ನಗುತ್ತಲೇ ಕಣ್ಣೊರೆಸಿಕೊಂಡರು.

ದಯವಿಟ್ಟು ಅವರಿಗೊಂದು ಕುರ್ಚಿ ಹಾಕಿಸಿ. ನಾಳೆ ಬಾಗಿಲು ತೆಗೆಯುವ ಹೊತ್ತಿಗೆ ನಾನೂ ಬರುತ್ತೇನೆ. ಬೇಡವೆಂದರೆ, ನನ್ನನ್ನು ಯಾಕೆ ತೆಗೆದಿರೆಂದು ಗಿರಾಕಿಗಳ ಮುಂದೆ ನೀವೇ ಮೈಕಿನಲ್ಲಿ ಹೇಳಿಬಿಡಿ.

ಇಂತಿ,
ನಿಮ್ಮ ಅಂಗಡಿಯ ಗಂಟಲು