ಸ್ಟ್ರೇಂಜರ್ ಪದದ ಮನೆಯಿಂದ

ಮೇಲೂರು, ಎರಡನೇ ಬಿರುಕಿನ ನಂತರ ತೊಂಬತ್ತನೇ ವರ್ಷ, ಹದಿಮೂರನೇ ತಿಂಗಳ ಮೂವತ್ತೆರಡನೇ ತಾರೀಖು.

ಹಿಂದಿನ ಕಾಲದವರಿಗೆ ಮೇಲೂರಿನ ಪಾಲಾಕ್ಷಿ ಮಾಡುವ ನಮಸ್ಕಾರಗಳು. ಅಣ್ಣ ಎನ್ನಬೇಕೋ ಅಜ್ಜಿ ಎನ್ನಬೇಕೋ ತಿಳಿಯದೆ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟಿದ್ದೇನೆ ಎನ್ನಿ, ಕಾರಣ ಮುಂದೆ ಬರುತ್ತದೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ತಾರೀಖಿನ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ನಾವು ವರ್ಷಗಳನ್ನು ಸೇತುವೆಯ ಬಿರುಕಿನಿಂದ ಎಣಿಸುತ್ತೇವೆ. ಸೇತುವೆ ತುಂಡಾಗಿರುವ ಕಡೆಯಿಂದ ಕೆಳಗೆ ಬಿಟ್ಟ ಕಾಗದ ಹಿಂದಿನವರಿಗೆ ಮುಟ್ಟುತ್ತದೆ ಎಂಬುದು ನಮ್ಮವರ ನಂಬಿಕೆ. ಕೆಳಗೆ ಮೇಕೆಗಳು ಮೇಯುತ್ತಿರುತ್ತವೆ. ಎಷ್ಟು ಕಾಗದ ನಿಮಗೆ ಮುಟ್ಟಿವೆಯೋ, ಎಷ್ಟು ಮೇಕೆಗಳ ಹೊಟ್ಟೆ ಸೇರಿವೆಯೋ ನನಗೆ ಗೊತ್ತಿಲ್ಲ.

ನಮ್ಮ ಊರು ನೀವು ಕಟ್ಟಿದ ಮೇಲ್ಸೇತುವೆಯ ಮೇಲಿದೆ. ಎರಡೂ ತುದಿ ಕುಸಿದಿವೆ, ಹತ್ತಿ ಇಳಿಯಲು ಹಗ್ಗದ ಏಣಿ. ರಸ್ತೆಯ ನಡುವಿನ ಡಿವೈಡರ್ ನಮ್ಮ ಹೊಲ; ಅದರಲ್ಲಿ ರಾಗಿ, ಅಂಚಿಗೆ ಕನಕಾಂಬರ. ಹಿರಿಯರು ಕೂತು ನೀರಿನ ಸರದಿ ತೀರ್ಮಾನಿಸುವ ಜಾಗಕ್ಕೆ ಟೋಲ್ ಎನ್ನುತ್ತೇವೆ. ನೀವೂ ಅಲ್ಲಿ ನ್ಯಾಯಕ್ಕಾಗಿಯೇ ಸಾಲುಗಟ್ಟಿ ನಿಲ್ಲುತ್ತಿದ್ದಿರಿ ಎಂದು ಭಾವಿಸಿದ್ದೇನೆ. ವರ್ಷಕ್ಕೆರಡು ಸಲ ಪಕ್ಕದ ಸೇತುವೆಯಿಂದ ಉಪ್ಪು ತರುವವರು ಬರುತ್ತಾರೆ. ಅವರೆಲ್ಲ ನಮ್ಮ ಬೀಗರೇ. ಹೀಗಾಗಿ ಹುಟ್ಟಿದಾಗಿನಿಂದ ನನಗೆ ಗೊತ್ತಿಲ್ಲದ ಮುಖವನ್ನು ನಾನು ಕಂಡವಳಲ್ಲ.

ನಿಮ್ಮ ಕಾಲದ ಇಂಗ್ಲಿಷ್ ನಿಘಂಟು ಒಂದು ನಮ್ಮಲ್ಲಿ ಉಳಿದಿತ್ತಂತೆ. ಗೆದ್ದಲು ಹತ್ತಿದಾಗ ಹಿರಿಯರು ಮನೆಗೊಂದು ಪದ ಹಂಚಿ, ಅರ್ಥವನ್ನು ಬಾಯಿಪಾಠ ಮಾಡಿಸಿ, ಪದವನ್ನು ಬಾಗಿಲ ಪಕ್ಕದ ಗೋಡೆಗೆ ಬರೆಸಿದರು. ಹಿಂದಿನವರು ಕೊಟ್ಟದ್ದನ್ನು ಕಳೆಯಬಾರದು ಎಂಬುದಷ್ಟೇ ಅವರ ಆಸೆ. ಆದರೆ ಅರ್ಥ ಒಪ್ಪಿಸಿದರೆ ಸಾಲದು. ಪ್ರತಿ ತಲೆಮಾರಿನಲ್ಲೂ ಒಮ್ಮೆ ಆ ಪದವನ್ನು ಟೋಲಿನಲ್ಲಿ ಕಣ್ಣಾರೆ ತೋರಿಸಬೇಕು. ಇದಕ್ಕೆ ತೋರಿಕೆ ಎಂದು ಹೆಸರು. ತೋರಿಸಲಾಗದ ಪದದ ಮೇಲೆ ಸುಣ್ಣ ಬಳಿಯುತ್ತಾರೆ. ಪದವಿಲ್ಲದ ಮನೆಯವರು ಟೋಲಿನಲ್ಲಿ ಬಾಯಿ ತೆರೆಯುವಂತಿಲ್ಲ, ನೀರಿನ ಸರದಿಯೂ ಕೊನೆಗೆ. ಕೆಲವರಿಗೆ ಪುಣ್ಯದ ಪದ ಸಿಕ್ಕಿದೆ. 'ಯಾನ್: ಆಕಳಿಕೆ' ಎಂಬ ಪದದ ಮನೆಯವರು ಎದ್ದು ನಿಂತು ಬಾಯಿ ಅಗಲಿಸಿದರೆ ಸಾಕು, ಟೋಲಿಗೆ ಟೋಲೇ ಆಕಳಿಸುತ್ತದೆ. ನಮ್ಮ ಮನೆಗೆ ಸಿಕ್ಕಿದ್ದು ಇದು: 'ಸ್ಟ್ರೇಂಜರ್, ನಾಮಪದ. ಅಪರಿಚಿತ, ಗುರುತಿಲ್ಲದವನು, ಹೊರಗಿನವನು.'

ನನ್ನನ್ನು ಸಾಕಿದವಳು ನನ್ನ ತಾಯಿಯ ಅಕ್ಕ, ಕಾಟಮ್ಮ ದೊಡ್ಡಮ್ಮ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಆ ಪದ ಕಾಯುತ್ತಿರುವವಳು ಅವಳೇ. ಈಗ ಅವಳ ಬೆನ್ನು ಬಾಗಿದೆ, ತೋರಿಕೆ ಮಾತ್ರ ಆಗಿರಲಿಲ್ಲ. ಈ ಹುಣ್ಣಿಮೆಯೇ ಕೊನೆಯ ಗಡುವು ಎಂದು ಟೋಲಿನ ಹಿರಿಯ ಗುಂಡೇರಪ್ಪ ಹೇಳಿಬಿಟ್ಟಿದ್ದ. ಹುಣ್ಣಿಮೆಗೆ ಎರಡು ದಿನವಿರುವಾಗ ಮೂಡಣ ತುದಿಯ ಏಣಿ ಹತ್ತಿಕೊಂಡು ಒಬ್ಬ ಮನುಷ್ಯ ಬಂದ. ಕೆದರಿದ ಗಡ್ಡ, ಹೆಗಲಿಗೊಂದು ಗಂಟು. ಯಾರಿಗೂ ಅವನ ಗುರುತಿರಲಿಲ್ಲ. ನಾನು ಸಂತೋಷದಿಂದ ಅತ್ತೇಬಿಟ್ಟೆ.

ತೋರಿಕೆ ನಡೆಯುವುದು ಹುಣ್ಣಿಮೆಯ ದಿನವೇ. ಅಲ್ಲಿಯವರೆಗೆ ಅವನು ಗುರುತಿಲ್ಲದವನಾಗಿಯೇ ಉಳಿಯಬೇಕಲ್ಲ? ಹೆಸರು ಕೇಳಬಾರದು, ಯಾವೂರು, ಯಾರ ಪೈಕಿ ಎನ್ನಬಾರದು, ಅಣ್ಣ, ಅಪ್ಪ ಎಂದು ಕರೆಯಬಾರದು ಎಂದು ಗುಂಡೇರಪ್ಪ ಕಟ್ಟಪ್ಪಣೆ ಮಾಡಿದ. ಊಟದ ಪ್ರಶ್ನೆ ಬಂತು. ನಿಘಂಟಿನ ಅರ್ಥದಲ್ಲಿ ಊಟದ ಸುದ್ದಿಯೇ ಇಲ್ಲ. ಎದುರು ಕೂರಿಸಿ ಬಡಿಸಿದರೆ ಇನ್ನೊಂಚೂರು ಹಾಕಲೇ ಎನ್ನಬೇಕಾಗುತ್ತದೆ, ಅಲ್ಲಿಗೆ ಪರಿಚಯವಾಯಿತು. ಕೊನೆಗೆ ಒಂದು ಕೊಡ ನೀರು, ಒಂದು ಹಿಡಿ ಹುರಿದ ಕಡಲೆಕಾಯಿ ದೂರದಲ್ಲಿಟ್ಟು ಓಡಿಬಂದೆವು. ಸ್ಟ್ರೇಂಜರ್ ಎಂದರೇನೆಂದು ನೀವು ಬರೆದಿಟ್ಟಿದ್ದೀರಿ, ಅವನನ್ನು ಏನು ಮಾಡಬೇಕೆಂದು ಬರೆದಿಲ್ಲ. ನಮಗೆ ದಿಕ್ಕೇ ತೋಚಲಿಲ್ಲ.

ಇಡೀ ಊರು ಹಿಂಸೆಪಟ್ಟಿತು. ನೀರಿಗೆ ಹೋಗುವ ಹೆಂಗಸರು ಅವನ ಮುಂದೆ ಬಂದಾಗ ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಕೆಮ್ಮುತ್ತಿದ್ದರು. ಅವನು ಮೊದಲ ದಿನ ಎಲ್ಲರನ್ನೂ ಕಂಡು ನಕ್ಕ. ಎರಡನೇ ದಿನ ತಲೆ ತಗ್ಗಿಸಿದ. ಸಂಜೆ ಎದ್ದು ನಿಂತು ಕೈಮುಗಿದು, "ನಾನೇನ್ ತಪ್ಪು ಮಾಡ್ದೆ ಅಂತ ಯಾರಾದ್ರೂ ಹೇಳ್ರವ್ವಾ" ಎಂದ. ನಾನು ಸೆರಗು ಕಚ್ಚಿಕೊಂಡು ಒಳಗೆ ಬಂದೆ. ದೊಡ್ಡಮ್ಮ ಒಲೆಯ ಮುಂದೆ ಕೂತಿದ್ದಳು.

ಹುಣ್ಣಿಮೆಯ ಬೆಳಗ್ಗೆ ಜನ ಟೋಲಿನ ಕಡೆ ಹೊರಟಿದ್ದರು. ನೋಡುತ್ತೇನೆ, ದೊಡ್ಡಮ್ಮ ತಟ್ಟೆಯಲ್ಲಿ ಬಿಸಿ ಮುದ್ದೆ, ಹುರುಳಿ ಸಾರು ಹಿಡಿದುಕೊಂಡು ಅವನತ್ತ ನಡೆದಿದ್ದಾಳೆ. ಓಡಿಹೋಗಿ ತೋಳು ಹಿಡಿದೆ. "ದೊಡ್ಡಮ್ಮ, ನಿನ್ ಕಾಲಿಗ್ ಬೀಳ್ತೀನಿ, ಇನ್ನೊಂದ್ ಗಳಿಗೆ ತಡಿ. ಪದ ಉಳೀತೈತೆ."

"ಎಲ್ಡ್ ದಿನದಿಂದ ಹಿಡಿ ಕಡ್ಲೆಕಾಯಲ್ಲೇ ಅವ್ನೆ, ನಿನ್ ಕಣ್ಣಿಗ್ ಕಾಣ್ತಿಲ್ವೇನೆ?" ಎಂದು ತೋಳು ಬಿಡಿಸಿಕೊಂಡು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಏಳಪ್ಪ, ಮಕ ತೊಳ್ಕಂಡು ಉಣ್ಣು. ಯಾವೂರು ನಿಂದು?"

ಅವನ ಹೆಸರು ಸಣ್ಣೀರಪ್ಪ. ಅವನ ಊರಿನ ಕೆರೆ ಬತ್ತಿ, ಅಲ್ಲಿಯ ಜನ ಚದುರಿ, ಮನುಷ್ಯರಿರುವ ಜಾಗ ಹುಡುಕಿಕೊಂಡು ಬಂದಿದ್ದ. ಎರಡನೇ ಮುದ್ದೆ ಮುಗಿಯುವ ಹೊತ್ತಿಗೆ ಇನ್ನೊಂದೂ ಹೊರಬಿತ್ತು. ದೊಡ್ಡಮ್ಮನ ಸೋದರಮಾವ ಒಬ್ಬ ಹಿಂದೆ ಉಪ್ಪಿನವರ ಜೊತೆ ಹೋದವನು ಮರಳಿರಲಿಲ್ಲ. ಇವನು ಅವನ ಮಗನ ಮಗ! ಲೆಕ್ಕ ಹಾಕಿದರೆ ನನಗೆ ಅಣ್ಣನಾಗಬೇಕು. ಟೋಲಿನಲ್ಲಿ ಗುಂಡೇರಪ್ಪ ತೋರಿಕೆ ಎಲ್ಲಿ ಎಂದಾಗ ದೊಡ್ಡಮ್ಮ ಎದ್ದು, "ಇವ್ನು ನಮ್ ಸಣ್ಣೀರಪ್ಪ" ಎಂದಳು. ಅಷ್ಟಕ್ಕೇ ಮುಗಿಯಿತು. ಮರುದಿನ ಸುಣ್ಣದ ಡಬ್ಬಿ ಹಿಡಿದು ಗುಂಡೇರಪ್ಪನೇ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು, ಆದರೂ ಬಳಿದ. ಈಗ ನಮಗೆ ನೀರು ಸಿಗುವುದು ತೊಟ್ಟಿಯ ತಳದ ಕೆಸರು ಕಾಣುವ ಹೊತ್ತಿಗೆ. ದೊಡ್ಡಮ್ಮ ಬಾಗಿಲಲ್ಲಿ ಕೂತಾಗ ಆ ಬಿಳಿ ಗೋಡೆಯನ್ನು ಕೈಯಲ್ಲಿ ಸವರುತ್ತಾಳೆ. ನನಗೆ ಅವಳ ಮೇಲೆ ಕೋಪವಿದೆ. ಅವಳು ಮಾಡಿದ್ದು ತಪ್ಪೇ ಎಂದು ಯಾರಾದರೂ ಕೇಳಿದರೆ ಅವರ ಮೇಲೂ ಕೋಪ ಬರುತ್ತದೆ. ಏನೂ ಅರ್ಥವಾಗುತ್ತಿಲ್ಲ.

ನಿಮ್ಮ ಕಾಲದಲ್ಲಿ ಈ ಪದಕ್ಕೆ ಕೊರತೆಯೇ ಇರಲಿಲ್ಲವಂತೆ. ಒಂದೇ ಕಟ್ಟಡದಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು, ಒಂದೇ ಬಸ್ಸಿನಲ್ಲಿ ಮೈಗೆ ಮೈ ಒತ್ತಿಕೊಂಡು ಇರುತ್ತಿದ್ದಿರಂತೆ, ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದೆ. ಹೇಗೆ ಸಾಧ್ಯವಾಯಿತು? ನಮಗೆ ಎರಡೇ ದಿನಕ್ಕೆ ಪ್ರಶ್ನೆ ನುಂಗಿ ನುಂಗಿ ಸಾಕಾಗಿತ್ತು.

ಕಾಗದ ಬರೆಯುತ್ತಿರುವುದು ಇದನ್ನು ಕೇಳುವುದಕ್ಕಷ್ಟೇ ಅಲ್ಲ. ನಿನ್ನೆ ನನಗೊಂದು ಉಪಾಯ ಹೊಳೆಯಿತು. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರ ಪೈಕಿಯೋ ಗೊತ್ತಿಲ್ಲ. ಹಾಗಾದರೆ ನೀವೇ ಸ್ಟ್ರೇಂಜರ್! ಈ ಕಾಗದವನ್ನು ಕೆಳಗೆ ಬಿಡುವ ಮೊದಲು ಟೋಲಿನ ಬಾಗಿಲಲ್ಲಿ ಇದನ್ನು ಓದಿಸುತ್ತೇನೆ. ಇಗೋ, ಗುರುತಿಲ್ಲದವರಿಗೆ ಬರೆದಿದ್ದೇನೆ, ಇದೇ ನಮ್ಮ ತೋರಿಕೆ ಎನ್ನುತ್ತೇನೆ. ಗುಂಡೇರಪ್ಪ ಒಪ್ಪಿದರೆ ಸುಣ್ಣದ ಮೇಲೆ ಪದವನ್ನು ಮತ್ತೆ ಬರೆಯಬಹುದು. ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ: ದಯವಿಟ್ಟು ಉತ್ತರ ಕಳಿಸಬೇಡಿ. ಹೆಸರು ಹೇಳಬೇಡಿ. ನಾನೂ ನಿಮ್ಮ ಗುರುತು ಕೇಳುವುದಿಲ್ಲ.

ಇಷ್ಟು ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ಎಲ್ಲಾ ಕೇಳಿಸಿಕೊಂಡು, "ಇಷ್ಟುದ್ದ ಬರ್ದಿದೀಯ, ಅದೊಂದ್ ಮಾತು ಕೇಳೇ ಇಲ್ವಲ್ಲೇ" ಎಂದಳು. ಕೇಳಿದರೆ ಪದ ಹೋಗುತ್ತದೆ ಎಂದೆ. ಅವಳು ಬಿಳಿ ಗೋಡೆಗೆ ಒರಗಿ ಕೂತಳು. ನಾನು ಕಾಗದ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

ಊಟ ಆಯಿತೇ? ಯಾವೂರು ನಿಮ್ಮದು?