ತಾನಾಗಿ ಹೆಚ್ಚಿದ ಬ್ರೇಕ್ ಆಯಿಲ್

ಗುರುವಾರ, ತಾರೀಕು ಹನ್ನೆರಡು
ಮಧ್ಯಾಹ್ನ, ವ್ಯಾನಿನ ಶೆಡ್ಡಿನಲ್ಲಿ ಕೂತು

ಪುಟ್ಟಿಯ ಅಪ್ಪನಿಗೆ,

ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಚೆನ್ನಾಗಿಯೇ ಇದ್ದೀರಿ ಎಂದು ಈ ವಾರ ಗೊತ್ತಾಯಿತು. ಯಾರಿಂದ ಎನ್ನುವುದನ್ನು ಮುಂದೆ ಹೇಳುತ್ತೇನೆ.

ನೀವು ಮನೆ ಬಿಟ್ಟು ನಾಲ್ಕು ತಿಂಗಳಾಯಿತು. ಈ ಪತ್ರ ನಿಮ್ಮನ್ನು ಕರೆಯಲು ಬರೆದದ್ದಲ್ಲ, ವ್ಯಾನಿನ ವಿಷಯ ಕೇಳಲು ಬರೆದದ್ದು. ಹನ್ನೊಂದು ಮಕ್ಕಳು, ಅವರಲ್ಲಿ ನಮ್ಮ ಪುಟ್ಟಿಯೂ ಒಬ್ಬಳು, ದಿನಾ ಆ ವ್ಯಾನಿನಲ್ಲಿ ಕೂತು ಶಾಲೆಯ ಇಳಿಜಾರು ಇಳಿಯುತ್ತಾರೆ ಎನ್ನುವುದನ್ನು ನೆನಪಿಟ್ಟುಕೊಂಡು ಓದಿ.

ಹತ್ತು ದಿನದ ಹಿಂದೆ ಶಾಲೆಯ ಗೇಟಿನ ಮುಂದೆ ಬ್ರೇಕ್ ಒತ್ತಿ ನಿಂತಿದ್ದೆ. ಪೆಡಲ್ ನನ್ನ ಕಾಲಡಿಯಲ್ಲೇ ಮೆಲ್ಲಗೆ ಕೆಳಗಿಳಿಯಿತು. ಮತ್ತೆ ಒತ್ತಿದೆ, ನಿಂತಿತು. ಮನೆಗೆ ಬಂದು ಬಾನೆಟ್ ತೆಗೆದು ನೋಡಿದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಭರ್ತಿ ಇದೆ. ವ್ಯಾನಿನ ಕೆಳಗೆ ಹಳೇ ಪೇಪರ್ ಹಾಸಿದೆ. ಬೆಳಿಗ್ಗೆ ಒಂದು ಹನಿಯೂ ಇರಲಿಲ್ಲ. ನನಗೇ ತಲೆ ಕೆಟ್ಟಿದೆಯೇನೋ ಅಂದುಕೊಂಡು ಪುಟ್ಟಿಯ ಸ್ಕೆಚ್ ಪೆನ್ನಿನಿಂದ ಡಬ್ಬಿಯ ಮೇಲೆ ಒಂದು ಗೆರೆ ಎಳೆದೆ. ಮೂರನೆಯ ದಿನ ಆಯಿಲ್ ಗೆರೆಗಿಂತ ಮೇಲಿತ್ತು. ಬ್ರೇಕ್ ಆಯಿಲ್ ತಾನಾಗಿ ಹೆಚ್ಚಾಗುವುದನ್ನು ನಿಮ್ಮ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಎಲ್ಲಾದರೂ ಕಂಡಿದ್ದೀರಾ?

ಮೊದಲು ನೆನಪಾದದ್ದು ನೀವೇ. ಶೆಡ್ಡಿನ ಇನ್ನೊಂದು ಬೀಗದ ಕೈ ನಿಮ್ಮ ಹತ್ತಿರ ಇದೆ. ನಾನಿಲ್ಲದ ಹೊತ್ತು ಬಂದು ಏನೋ ಕೈಯಾಡಿಸುತ್ತಿದ್ದೀರಿ, ನನ್ನ ಕೈಲಿ ವ್ಯಾನು ನಡೆಸಲು ಆಗುವುದಿಲ್ಲ ಎಂದು ಊರಿಗೆಲ್ಲ ತೋರಿಸಬೇಕಾಗಿದೆ ಎಂದುಕೊಂಡೆ. ಹೊಸ ಬೀಗ ತಂದು ಹಾಕಿದೆ. ಎರಡು ದಿನ ಕಳೆಯಿತು, ಆಯಿಲ್ ಮತ್ತೆ ಮೇಲೆ ಬಂದಿತ್ತು.

ಈ ಸೋಮವಾರ ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಹೋಗಿ ತಾಗಿತು. ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನ ಸೀಟಿನ ಮಕ್ಕಳು ಮುಂದಿನ ಸೀಟಿಗೆ ಮುಗ್ಗರಿಸಿ, ಆಟವೆಂದುಕೊಂಡು ನಕ್ಕವು. ಇನ್ನೊಮ್ಮೆ ಮಾಡಿ ಆಂಟಿ ಅಂತ ಒಬ್ಬ ಕೇಳಿದ. 

ಅವತ್ತೇ ಮೂಲೆ ಗ್ಯಾರೇಜಿನ ಮೇಸ್ತ್ರಿಯನ್ನು ಶೆಡ್ಡಿಗೇ ಕರೆಸಿದೆ. ಅವರ ಮೇಲೂ ನಂಬಿಕೆಯಿಲ್ಲದೆ ತಲೆಯ ಮೇಲೆಯೇ ಟಾರ್ಚ್ ಹಿಡಿದು ನಿಂತೆ. ಎರಡು ನಟ್ ಬಿಚ್ಚಿ, ಡಬ್ಬಿಯ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಹೊರಗೆಳೆದರೆ ಅದರ ಬೆನ್ನೆಲ್ಲ ಒದ್ದೆ. ಅದರ ಹಿಂದೆ ಪೆಡಲಿಗೆ ಬಲ ಕೊಡುವ ದೊಡ್ಡ ಬೂಸ್ಟರಿನೊಳಗೆ ತಂತಿ ಇಳಿಸಿ ತೆಗೆದರು, ಅದೂ ತೊಯ್ದಿತ್ತು. ಹೊರಗೆ ಸೋರಿದ್ರೆ ನೆಲದ ಮೇಲೆ ಕಾಣ್ಸುತ್ತೆ ಕಣಮ್ಮ, ಇದು ಒಳಗೊಳಗೇ ಇಳೀತಿದೆ, ಯಾರೋ ಮೇಲಿಂದ ಹಾಕ್ತಾ ಬಂದಿದಾರೆ, ಇಲ್ದಿದ್ರೆ ಯಾವತ್ತೋ ಖಾಲಿ ಆಗ್ತಿತ್ತು ಅಂದರು.

ಆಮೇಲೆ ಸಿಲಿಂಡರನ್ನು ನನ್ನ ಕೈಗೆ ಕೊಟ್ಟರು. ಎಂಟು ತಿಂಗಳ ಹಿಂದೆ ನಾವಿಬ್ಬರೂ ಸೇರಿ ಹಳೆಯದನ್ನು ಬಿಚ್ಚಿದಾಗ ಅದು ನನ್ನ ಕೈಜಾರಿ ಕಲ್ಲಿನ ಮೇಲೆ ಬಿದ್ದು, ಬೋಲ್ಟ್ ಕೂರುವ ಕಿವಿಯ ಮೂಲೆ ಚಕ್ಕೆ ಎದ್ದದ್ದು ನೆನಪಿದೆಯೇ? ಮಾರನೆಯ ದಿನ, ಹೊಚ್ಚಹೊಸದು ಹಾಕಿದೀನಿ, ಹತ್ತು ವರ್ಷ ಮುಟ್ಟೋ ಹಾಗಿಲ್ಲ ಅಂದಿರಿ. ನಿಮ್ಮ ಹೊಚ್ಚಹೊಸದಕ್ಕೂ ಅದೇ ಕಿವಿ, ಅದೇ ಮೂಲೆ, ಅದೇ ಚಕ್ಕೆ. ಒಳಗೆಲ್ಲ ಗೀರು ಬಿದ್ದಿದ್ದ ಹಳೆಯದನ್ನೇ ಉಜ್ಜಿ, ಒಳಗಿನ ರಬ್ಬರ್ ಬದಲಿಸಿ ಕೂರಿಸಿದ್ದೀರಿ.  ನೀವು ಹೀಗೆ ಸುಳ್ಳು ಹೇಳಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನು ಮೇಲಿಂದ ಹಾಕುತ್ತಿದ್ದವರು ಯಾರು? ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಕಿತ್ತು ಬರುತ್ತದೆ ಎಂದು ನನಗೆ ಕಲಿಸಿದವರು ನೀವೇ. ನಿನ್ನೆ ಅತ್ತೆಯ ಬೀರುವಿನಲ್ಲಿ ಮಡಿಸಿದ ಬಟ್ಟೆ ಇಡಲು ಹೋದೆ. ತಲೆಗೆ ಹಚ್ಚುವ ಎಣ್ಣೆ, ಮಂಡಿಗೆ ಹಚ್ಚುವ ಎಣ್ಣೆ, ಅವುಗಳ ಪಕ್ಕದಲ್ಲಿ ಇನ್ನೊಂದು ಬಾಟಲಿ. ಎತ್ತಿದರೆ ಹಲಗೆಯ ಹಸಿರು ಪೇಂಟ್ ಬಳೆಯಷ್ಟಗಲ ಸುಲಿದು ಬಂದಿತ್ತು.

ದಿನಾ ಬೆಳಿಗ್ಗೆ ನಾನು ಶೆಡ್ ತೆಗೆದಿಟ್ಟು ಪುಟ್ಟಿಗೆ ಜಡೆ ಹಾಕಲು ಒಳಗೆ ಬಂದರೆ, ವ್ಯಾನಿನ ಗಾಜು ಒರೆಸುವುದು ನಿಮ್ಮಮ್ಮನ ಕೆಲಸ. ಪಾಪ, ವಯಸ್ಸಾದವರು, ಬೇಡವೆಂದರೂ ಕೇಳುವುದಿಲ್ಲ ಎಂದು ನಾನು ಕರಗಿ ನೀರಾಗುತ್ತಿದ್ದೆ. ಕೇಳಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎಲ್ಲ ಒಪ್ಪಿಕೊಂಡರು. ನಾನು ಟ್ರಿಪ್ಪಿಗೆ ಹೋದ ಮೇಲೆ ಬುಧವಾರ ಬುಧವಾರ ನೀವು ಫೋನ್ ಮಾಡುವುದು, ಡಬ್ಬಿ ನೋಡ್ದಾ, ಹಾಕ್ದಾ ಎಂದು ವಿಚಾರಿಸುವುದು, ಕೊನೆಗೆ ಅವಳಿಗೆ ಹೇಳ್ಬೇಡಮ್ಮ ಅನ್ನುವುದು. ಹೇಳಿದ್ರೆ ನೀನು ಅವನನ್ನ ಇನ್ಯಾವತ್ತೂ ಹೊಸಿಲು ತುಳಿಯೋಕೆ ಬಿಡಲ್ಲ ಅಂತ ಹೆದರಿದೆ ಕಣೇ ಅಂದು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಅಷ್ಟು ಒಳ್ಳೆಯವಳು ನಾನಲ್ಲ.

ನೀವು ಸೋರುತ್ತಿರುವುದು ಗೊತ್ತಿದ್ದೂ ಮೇಲಿಂದ ಹಾಕಿಸುತ್ತಾ ಕೂತಿರಿ. ಆ ಹನ್ನೊಂದು ಮಕ್ಕಳ ಮುಖ ಒಂದು ಸಲವೂ ಕಣ್ಣ ಮುಂದೆ ಬರಲಿಲ್ಲವೇ? ಹೋಗುವ ದಿನ ನಾನು ಮೂರು ಸಲ ಕೇಳಿದೆ, ನನ್ನಿಂದ ಏನು ಮುಚ್ಚಿಟ್ಟಿದ್ದೀರಿ ಎಂದು. ಇಲ್ಲದ ಹೆಂಗಸನ್ನ ದಿನಾ ತಂದು ನನ್ನ ಪಕ್ಕ ಕೂರಿಸ್ತೀಯ, ಈ ಅನುಮಾನದ ಮನೇಲಿ ನಾನಿರಲ್ಲ ಎಂದು ಕೂಗಾಡಿ ಬ್ಯಾಗ್ ಎತ್ತಿಕೊಂಡಿರಿ.

ಮಂಗಳವಾರದಿಂದ ವ್ಯಾನು ಹೊರಗೆ ಹೋಗಿಲ್ಲ. ಪೋಷಕರಿಗೆ ನಿಜವನ್ನೇ ಹೇಳಿದೆ. ಸೋಮವಾರದವರೆಗೆ ಕಾಯುತ್ತಾರಂತೆ, ಆಮೇಲೆ ಬೇರೆ ವ್ಯಾನು ನೋಡಿಕೊಳ್ಳುತ್ತಾರೆ. ಹೊಸ ಸಿಲಿಂಡರನ್ನು ನಾನೇ ನಿಂತು ಆರಿಸಿ ತಂದೆ, ಬೂಸ್ಟರ್ ಬಿಚ್ಚಿ ಒರೆಸಿ, ಎಲ್ಲವನ್ನೂ ಇವತ್ತು ಬೆಳಿಗ್ಗೆ ನಾನೇ ಕೂರಿಸಿದೆ. ಉಳಿದದ್ದು ಆಯಿಲ್ ಲೈನಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯುವುದು. ನಾನು ಚಕ್ರದ ಹತ್ತಿರ ಕೆಳಗೆ ಮಲಗಿದೆ, ನಿಮ್ಮಮ್ಮ ಪೆಡಲಿನ ಮೇಲೆ. ಒತ್ತಿ ಅಂದರೆ ಒತ್ತುತ್ತಾರೆ. ಹಿಡಿದಿದ್ದೀರಾ ಅಂದರೆ ಹಿಡ್ದಿದೀನಿ ಅನ್ನುತ್ತಾರೆ. ಅವರ ಮಾತು ನಂಬಿ ಏರ್ ಹೊರಬಿಡುವ ನಿಪ್ಪಲ್ ಸಡಿಲಿಸಿದರೆ, ನಾನು ಬಿಗಿ ಮಾಡುವ ಮೊದಲೇ ಮಂಡಿನೋವೆಂದು ಕಾಲು ತೆಗೆದಿರುತ್ತಾರೆ. ತೆಗೆದ ಏರೆಲ್ಲ ಮತ್ತೆ ಒಳಗೆ. ನಿಮ್ಮ ತಾಯಿ ಎಂದು ಬೇರೆ ಹೇಳಬೇಕಾಗಿಲ್ಲ. ಕೆಳಗೆ ಮಲಗಿದವರಿಗೆ ಪೆಡಲ್ ಕಾಣುವುದಿಲ್ಲ ನೋಡಿ, ಮೇಲಿರುವವರ ಮಾತೇ ಗತಿ.

ಯಾಕೆ ಸುಳ್ಳು ಹೇಳಿದಿರಿ? ಅದಕ್ಕೊಂದು ಸಾಲು ಬರೆದು ಕಳಿಸಿ. ಬೇರೇನೂ ಬೇಡ.

ಇಂತಿ,
ನಿಮ್ಮ ಮಾತಿನಲ್ಲಿ ಹೇಳುವುದಾದರೆ, ಅನುಮಾನದವಳು

ಮರೆತ ಮಾತು: ಕನಸಿನಲ್ಲೂ ಎಣಿಸಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಎಂಟು ತಿಂಗಳ ಹಿಂದೆ ನಿಮ್ಮ ಅಂಗಿ ಒಗೆಯುವಾಗಲೇ ಜೇಬಿನಲ್ಲಿ ಸಿಲಿಂಡರಿನ ರಬ್ಬರ್ ಕಿಟ್ಟಿನ ಖಾಲಿ ಕವರು ಸಿಕ್ಕಿತ್ತು. ಪುಟ್ಟಿಯ ಹಳೆಯ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟಿದ್ದೆ, ಈಗ ಈ ಪತ್ರದ ಜೊತೆ ಇಟ್ಟಿದ್ದೇನೆ. ನೀವು ಹೋದ ದಿನ ಮೂರು ಸಲ ಕೇಳಿದ್ದು ಇದನ್ನೇ. ಯಾವ ಹೆಂಗಸಿನ ವಿಷಯವೂ ನನ್ನ ತಲೆಯಲ್ಲಿರಲಿಲ್ಲ. ನೀವು ಹಾಗೆಂದುಕೊಂಡಿರಿ ಎಂದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ನೀವಾಗಿಯೇ ಒಪ್ಪಿಕೊಳ್ಳಲಿ ಎಂದು ಕಾದೆ. ಕಾಯುತ್ತಾ ಅದೇ ವ್ಯಾನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋದೆ. ಮಕ್ಕಳ ಮುಖ ಕಣ್ಣ ಮುಂದೆ ಬರಲಿಲ್ಲವೇ ಎಂದು ನಿಮ್ಮನ್ನು ಕೇಳಿದ್ದನ್ನು ಹೊಡೆದುಹಾಕಬೇಕೆಂದುಕೊಂಡೆ. ಇರಲಿ, ನಮ್ಮಿಬ್ಬರಿಗೂ ಸೇರಿಯೇ ಕೇಳಿದ್ದು. ಮೇಸ್ತ್ರಿ ಹತ್ತು ನಿಮಿಷದಲ್ಲಿ ಏರ್ ತೆಗೆದುಕೊಡ್ತೀನಿ ಅಂದರು. ಭಾನುವಾರದವರೆಗೆ ಬೇಡ ಅಂದಿದ್ದೇನೆ. ಬರುವುದಾದರೆ ಪೆಡಲಿನ ಮೇಲೆ ನಾನು ಕೂರುತ್ತೇನೆ, ಕೆಳಗೆ ನೀವು ಮಲಗಿ. ಹೊಸ ಬೀಗದ ಇನ್ನೊಂದು ಕೈ ನಿಮ್ಮಮ್ಮನ ಹತ್ತಿರ ಕೊಟ್ಟಿದ್ದೇನೆ.